ಗೆರೆಯ ಮೇಲೆ ಬಿಟ್ಟ ಮೊರ

ನಂಜನಗೂಡಿನಲ್ಲಿ ಕುಳಿತು ಸಮುದ್ರದ ಜ್ವರ ನೋಡುವ ಹೆಂಗಸು ಎಂದು ನಮ್ಮ ಬೀದಿಯಲ್ಲಿ ನನಗೊಂದು ಹೆಸರಿದೆ. ಇಟ್ಟವರು ನಮ್ಮ ಅತ್ತೆ. ತರಕಾರಿ ಗಾಡಿಯವನಿಗೆ, ಹಾಲಿನವನಿಗೆ, ಗ್ಯಾಸ್ ಸಿಲಿಂಡರ್ ಹೊತ್ತು ತರುವವನಿಗೆ, ಅವರು ಕೇಳಲಿ ಬಿಡಲಿ, ಹೇಳಿಯೇ ಕಳಿಸುವುದು: "ನಮ್ ಸೊಸೆ ಬರೀ ಕಾಲೇಜಲ್ ಪಾಟ ಏಳ್ಕೊಡದು ಮಾತ್ರ ಅಲ್ಲ ಕಣಪ್ಪ. ಸಮುದ್ರುಕ್ಕೆ ಜರ ಬಂದದಾ ಅಂತ ಮ್ಯಾಲಿಂದ ನೋಡ್ತಾಳೆ." ಗ್ಯಾಸಿನವನು ಒಮ್ಮೆ ನನ್ನನ್ನೇ ಕೇಳಿದ, "ಮೇಡಂ, ಜಾಸ್ತಿ ಆದ್ರೆ ಯಾವ್ ಮಾತ್ರೆ ಕೊಡ್ತೀರಾ?"

ನಾನು ಬಿಳಿಗೆರೆ ಕಡೆಯ ಹಳ್ಳಿಯವಳು. ಈಜು ಬರುವುದಿಲ್ಲ. ಸಮುದ್ರವನ್ನು ಮೊದಲು ಕಂಡದ್ದು ಮದುವೆಯಾದ ಮೇಲೆ, ಅದೂ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಕಣಕಾಲುದ್ದ ನೀರಿನಲ್ಲಿ. ತಿ. ನರಸೀಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡಿಕೊಂಡು, ದಿನಾ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಾ ಸುಖವಾಗಿದ್ದವಳು ನಾನು. ಮೈಸೂರಿನ ತರಬೇತಿಯೊಂದರಲ್ಲಿ ಯಾರೋ ಅರಬ್ಬಿ ಸಮುದ್ರದ ಶಾಖದ ಚಿತ್ರ ತೋರಿಸಿಬಿಟ್ಟರು. ಕೆಂಪು, ಹಳದಿ, ನೀಲಿ ಒಂದಕ್ಕೊಂದು ಹೆಣೆದುಕೊಂಡು ಸುಳಿಯುತ್ತಿದ್ದವು. ಅಯ್ಯೋ, ಎಷ್ಟು ಚೆಂದ ಅಂತೀರಿ! ನನಗೆ ಅವತ್ತು ಊಟ ಸೇರಲಿಲ್ಲ. ಮನೆಗೆ ಬಂದು, ಇದರ ಮೇಲೆ ಪಿಎಚ್.ಡಿ. ಮಾಡುತ್ತೇನೆ ಎಂದೆ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ನಂಜನಗೂಡಿಗೆ ಸಮುದ್ರ ಯಾವಾಗ ಬಂತು?" ಎಂದರು.

ಅತ್ತೆ ಮಾತ್ರ ನಗಲಿಲ್ಲ. "ಓದ್ಲಿ ಬುಡಪ್ಪ. ಒತ್ತಾರೆ ಒಲೆ ಕೆಲಸ ನಂಗಿರ್ಲಿ," ಎಂದರು. ಆ ಮಾತನ್ನು ಆರು ವರ್ಷ ನಡೆಸಿಕೊಟ್ಟರು. ಬೆಳಗಿನ ಬಸ್ಸಿಗೆ ಹೊರಡುವ ಹೊತ್ತಿಗೆ ನನ್ನ ಡಬ್ಬಿ ತುಂಬಿ, ಬಿಸಿ ಆರಲೆಂದು ಮುಚ್ಚಳ ಓರೆ ಮಾಡಿ, ಕಟ್ಟೆಯ ಮೇಲೆ ಇಟ್ಟಿರುತ್ತಿದ್ದರು.

ನಾನು ಮಾಡುತ್ತಿದ್ದ ಕೆಲಸ ಹೇಳಲು ಕಷ್ಟದ್ದೇನಲ್ಲ. ಉಪಗ್ರಹ ಮೇಲಿನಿಂದ ಸಮುದ್ರದ ಮೈಶಾಖ ಅಳೆದು ಚಿತ್ರ ಕಳಿಸುತ್ತದೆ. ಬೆಚ್ಚಗಿನ ನೀರು ಕೆಂಪು, ತಣ್ಣಗಿನದು ನೀಲಿ. ನಿನ್ನೆಯ ಚಿತ್ರ, ಇವತ್ತಿನ ಚಿತ್ರ ಪಕ್ಕಪಕ್ಕ ಇಟ್ಟು, ನಿನ್ನೆ ಇಲ್ಲಿದ್ದ ಬೆಚ್ಚನೆಯ ತೇಪೆ ಇವತ್ತು ಎಲ್ಲಿಗೆ ಹೋಗಿದೆ ಎಂದು ಕಂಪ್ಯೂಟರಿನಲ್ಲಿ ಹುಡುಕಿಸಬೇಕು. ಅದು ಹೋದ ಕಡೆಗೆ ಒಂದು ಬಾಣದ ಗುರುತು. ಹೀಗೆ ಕರಾವಳಿಯ ಉದ್ದಕ್ಕೂ ಬಾಣ ಎಳೆದರೆ ನೀರು ಯಾವ ಕಡೆ, ಎಷ್ಟು ಜೋರಾಗಿ ಹರಿಯುತ್ತಿದೆ ಎಂಬ ನಕ್ಷೆ ಸಿಗುತ್ತದೆ. ಎಂಜಿನ್ ಕೆಟ್ಟ ದೋಣಿ ಎಲ್ಲಿಗೆ ತೇಲಿ ಹೋಗಿರಬಹುದು ಎಂದು ಹುಡುಕುವವರಿಗೆ ಇಂಥ ನಕ್ಷೆ ಬೇಕೇ ಬೇಕು.

ಇದನ್ನು ಅತ್ತೆಗೆ ಹೇಳಿದಾಗ ಅವರು ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು. "ಅಂದ್ರೆ ನೆನ್ನೆ ಎಮ್ಮೆ ಎಲ್ಲಿ ಮೇಯ್ತಿತ್ತು, ಇವತ್ತೆಲ್ಲಿ ಮೇಯ್ತಾದೆ ಅಂತ ನೋಡ್ಬುಟ್ಟು, ಅದು ನಡ್ಕೊಂಡೋದ ದಾರಿ ಏಳದು. ಅಷ್ಟೇಯಾ?"

"ಅಷ್ಟೇ ಅತ್ತೆಮ್ಮ."

"ಅದುಕ್ಕೆ ಇಷ್ಟ್ ವರ್ಸವಾ?"

ನನಗೆ ರೇಗಿತು. ನನಗೆ ರೇಗುವುದು ಹಾಲು ಉಕ್ಕಿದಷ್ಟು ಬೇಗ. ಮೋಡ ಬಂದರೆ ಉಪಗ್ರಹ ಕುರುಡು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಚಿತ್ರವೇ ಇರುವುದಿಲ್ಲ, ಮೇಲಾಗಿ ಅದಕ್ಕೆ ಕಾಣುವುದು ನೀರಿನ ಮೇಲಿನ ತೊಗಲು ಮಾತ್ರ, ಎಂದು ಪಾಠ ಶುರು ಮಾಡಿದೆ. ಅವರು ಕಾಳು ಆರಿಸುತ್ತಲೇ, "ಮ್ಯಾಲ್ ಮುಟ್ಟಿ ನೋಡುದ್ರೆ ಅನ್ನ ಬೆಂದದಾ ಇಲ್ವಾ ಗೊತ್ತಾಯ್ತದಾ? ಪಾಪ, ಅದರ ತಪ್ಪೇನವ್ವ," ಎಂದು ಉಪಗ್ರಹದ ಪರ ನಿಂತರು.

ಪೆಟ್ಟು ಬಿದ್ದದ್ದು ಆರನೆಯ ವರ್ಷದಲ್ಲಿ. ನನ್ನ ಬಾಣಗಳು ಸರಿಯೋ ತಪ್ಪೋ ನೋಡಲು ಒಂದು ಉಪಾಯವಿತ್ತು. ಸಮುದ್ರದಲ್ಲಿ ಅಳತೆಯ ಡಬ್ಬಿಗಳನ್ನು ತೇಲಿ ಬಿಟ್ಟಿರುತ್ತಾರೆ. ಅವು ನೀರು ಕರೆದುಕೊಂಡು ಹೋದ ಕಡೆ ಹೋಗುತ್ತಾ, ತಾವು ಎಲ್ಲಿದ್ದೇವೆಂದು ಆಗಾಗ ಸುದ್ದಿ ಕಳಿಸುತ್ತವೆ. ಆ ವರ್ಷ ಮಳೆ ಸರಿದು ಮೋಡ ಹರಿದ ಒಂದು ವಾರದ ಲೆಕ್ಕವನ್ನು ನಾನು ಮೈಸೂರಿನಲ್ಲಿ ಸಮಿತಿಯ ಮುಂದೆ ಇಟ್ಟೆ. ದಡದ ಬಳಿ ತಣ್ಣೀರಿನ ನೀಲಿ ಪಟ್ಟಿ, ಆಚೆಗೆ ಬೆಚ್ಚಗಿನ ಕೆಂಪು ನೀರು, ಎರಡರ ನಡುವೆ ತೆಂಕಣಕ್ಕೆ ಎಳೆದಂತೆ ಒಂದು ಚೂಪಾದ ಗೆರೆ. ಗೆರೆ ದಿನದಿಂದ ದಿನಕ್ಕೆ ಜಾಗ ಬಿಟ್ಟು ಕದಲಿರಲಿಲ್ಲ. ಹಾಗಾಗಿ ಅಲ್ಲಿ ನಾನು ಬಾಣವನ್ನೇ ಹಾಕಿರಲಿಲ್ಲ. ನೀರು ನಿಂತಿದೆ ಎಂದು ಬರೆದಿದ್ದೆ.

ಸಮಿತಿಯ ಹಿರಿಯರೊಬ್ಬರು ಅದೇ ವಾರದ ಡಬ್ಬಿಯ ದಾರಿಯನ್ನು ನನ್ನ ನಕ್ಷೆಯ ಮೇಲೆ ಇಟ್ಟರು. ಡಬ್ಬಿ ನನ್ನ ಆ ನಿಂತ ಗೆರೆಯನ್ನೇ ಹಿಡಿದುಕೊಂಡು, ಎರಡು ದಿನದಲ್ಲಿ ಒಂದು ತಾಲ್ಲೂಕು ದಾಟುವಷ್ಟು ದೂರ ತೆಂಕಣಕ್ಕೆ ಓಡಿತ್ತು. "ನಿಮ್ಮ ನಕ್ಷೆ ನಂಬಿಕೊಂಡು ಹುಡುಕಿದ್ದರೆ ದೋಣಿಯವನು ಕೇರಳದಲ್ಲಿ ಸಿಗುತ್ತಿದ್ದ ಮೇಡಂ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ? ಆಮೇಲೆ ಕಾರಿಡಾರಿನಲ್ಲಿ ನನ್ನ ಗೈಡ್ ಮೆತ್ತಗೆ ಹೇಳಿದರು: ಅವಧಿ ವಿಸ್ತರಣೆ ಇದೇ ಕೊನೆ. ಆರು ತಿಂಗಳಲ್ಲಿ ಇದು ಸರಿಹೋಗದಿದ್ದರೆ ನೋಂದಣಿ ರದ್ದು.

ಆರು ವರ್ಷದ ಕೆಲಸ ನೀರಿಗೆ ಹೋಗುತ್ತದಲ್ಲಾ ಎಂದು ಬಸ್ಸಿನಲ್ಲಿ ಅತ್ತುಕೊಂಡೇ ಮನೆಗೆ ಬಂದೆ. ಪಕ್ಕದ ಸೀಟಿನ ಹೆಂಗಸು ಯಾರೋ ತೀರಿಕೊಂಡಿರಬೇಕೆಂದು ತಿಳಿದು ಕಡಲೆಕಾಯಿ ಕೊಟ್ಟರು. ತಿಂದೆ.

ಒಂದು ವಾರ ಕಾಲೇಜಿನಿಂದ ಬಂದ ಮೇಲೆ ಆ ಗೆರೆಯ ಚಿತ್ರವನ್ನೇ ನೋಡುತ್ತಾ ಕುಳಿತೆ. ಎಂಟನೆಯ ದಿನ ಸಂಜೆ ಅತ್ತೆ ಮುದ್ದೆ, ಉಪ್ಸಾರಿನ ತಟ್ಟೆ ತಂದು ಕಂಪ್ಯೂಟರಿನ ಮುಂದೆಯೇ ಇಟ್ಟರು. ಕನ್ನಡಕ ಏರಿಸಿ ಚಿತ್ರ ನೋಡಿದರು.

"ಇದು ನಮ್ ಸಂಗಮ ಕಣವ್ವ."

"ಅಲ್ಲ ಅತ್ತೆಮ್ಮ. ಸಮುದ್ರ."

"ಯಾವ್ದಾರಾ ಆಗ್ಲಿ. ಈ ಕಡೆ ತಣ್ಣೀರು ಕಪಿಲೆ, ಆ ಕಡೆ ಬೆಚ್ಚುನ್ ನೀರು ಕಾವೇರಿ. ಮದ್ಯ ಗೆರೆ. ಎಲ್ಲಾ ಕಡೆ ಬಾಣ ಬುಟ್ಟಿದ್ದೀಯ, ಗೆರೆ ಮ್ಯಾಲ್ ಯಾಕ್ ಬುಟ್ಟಿಲ್ಲ?"

"ಅಲ್ಲಿ ನೀರು ನಿಂತಿದೆ."

ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. "ನಿಂತದಂತೆ! ಯಾರೇ ಏಳ್ದೋರು ನಿಂಗೆ? ಗೌರಿ ಬಾಗಿನ ಒಳೆಗೆ ಎಲ್ ಬುಡ್ತಿದ್ದೋ ಗೊತ್ತಾ? ಆ ಗೆರೆ ಮ್ಯಾಲೇ!"

ಅತ್ತೆಯ ತವರು ತಿ. ನರಸೀಪುರ. ಕಾವೇರಿಗೆ ಕಪಿಲೆ ಬಂದು ಸೇರುವ ಕಡೆ ಅವರ ಅಪ್ಪ ಹರಗೋಲು ಹಾಕುತ್ತಿದ್ದರು, ಈಗ ತಮ್ಮ ಹಾಕುತ್ತಾರೆ. ಗೌರಿ ಹಬ್ಬದಲ್ಲಿ ಮುತ್ತೈದೆಯರಿಗೆ ಕೊಡುವಂತೆ ಹೊಳೆಗೂ ಒಂದು ಬಾಗಿನ ಕೊಡುವುದು ಆ ಮನೆಯ ಪದ್ಧತಿ. ಅಂಗೈಯಗಲದ ಬಿದಿರಿನ ಮೊರಕ್ಕೆ ಅರಿಸಿನ ಬಳಿದು, ಅಕ್ಕಿ, ಬಳೆ, ಕುಂಕುಮ ಇಟ್ಟು ತೇಲಿ ಬಿಡುತ್ತಾರೆ. ಮೊರ ದಡಕ್ಕೆ ವಾಪಸು ಬಂದರೆ ಹೊಳೆ ಒಪ್ಪಲಿಲ್ಲ ಎಂದು ಮನಸ್ಸು ಚಿಕ್ಕದಾಗುತ್ತದೆ. ಅದಕ್ಕೇ ಎಲ್ಲಿ ಬಿಟ್ಟರೆ ವಾಪಸು ಬರುವುದಿಲ್ಲ ಎಂಬುದು ಆ ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ನಮ್ಮ ಮಾವ ತೀರಿಕೊಂಡ ಮೇಲೆ ಅತ್ತೆ ಬಾಗಿನ ಮುಟ್ಟಿಲ್ಲ. ಪ್ರತಿವರ್ಷ ಹೋಗುತ್ತಾರೆ, ಮೇಲಿನ ಮೆಟ್ಟಿಲಿನಲ್ಲಿ ಕುಳಿತುಕೊಳ್ಳುತ್ತಾರೆ, "ಇನ್ನೂ ಅತ್ಲಾಗೆ, ಇನ್ನೂ ಅತ್ಲಾಗೆ" ಎಂದು ಕೂಗಿ ಹೇಳುತ್ತಾರೆ.

ನಾನು ಇದನ್ನೆಲ್ಲ ವರ್ಷಾವರ್ಷ ಕಂಡವಳೇ. ಆದರೂ ಹಿತ್ತಲ ಗಿಡ ಮದ್ದಲ್ಲ, ನೋಡಿ. ಬಾಗಿನಕ್ಕೂ ಉಪಗ್ರಹಕ್ಕೂ ಎತ್ತಣ ಸಂಬಂಧ ಎಂದು ಮುದ್ದೆ ಮುರಿದೆ. ಮೂರನೆಯ ತುತ್ತಿಗೆ ಕೈ ನಿಂತಿತು. ಎಮ್ಮೆಯ ಲೆಕ್ಕವೇ ತಪ್ಪು! ಗೆರೆಯ ಉದ್ದಕ್ಕೂ ನೀರು ಓಡಿದರೆ, ಓಡಿ ಹೋದ ನೀರೂ ಅದೇ ಬಣ್ಣ, ಹಿಂದಿನಿಂದ ಬಂದ ನೀರೂ ಅದೇ ಬಣ್ಣ. ಮೇಲಿನಿಂದ ನೋಡುವವರಿಗೆ ಗೆರೆ ನಿಂತಂತೆಯೇ ಕಾಣುತ್ತದೆ. ನಲ್ಲಿಯಿಂದ ಸಣ್ಣಗೆ ಬೀಳುವ ನೀರಿನ ದಾರವೂ ಹಾಗೇ ಅಲ್ಲವೇ, ಬಿಂದಿಗೆ ತುಂಬುತ್ತಿದ್ದರೂ ದಾರ ಅಲ್ಲೇ ಇರುತ್ತದೆ.

"ಅತ್ತೆಮ್ಮ, ಭಾನುವಾರ ನರಸೀಪುರಕ್ಕೆ ಹೋಗೋಣ," ಎಂದೆ.

"ಮದ್ಲು ಉಣ್ಣು," ಎಂದರು.

ಭಾನುವಾರ ಬೆಳಿಗ್ಗೆ ಕಾಲೇಜಿನ ಲ್ಯಾಬಿನ ಥರ್ಮಾಮೀಟರಿಗೆ ದಾರ ಕಟ್ಟಿಕೊಂಡು, ನಂಜನಗೂಡಿನ ಪೇಟೆಯಲ್ಲಿ ಕೊಂಡ ನಾಲ್ಕು ಪುಟ್ಟ ಮೊರ ಚೀಲದಲ್ಲಿ ಇಟ್ಟುಕೊಂಡು ಹೊರಟೆ. ಹೊಳೆದಂಡೆಯಲ್ಲಿ ಮೊದಲನೆಯ ತಕರಾರು ತೆಗೆದವರು ಅತ್ತೆಯೇ. "ಬರೀ ಮೊರನಾ? ಚೀ, ಬರಿ ಮೊರ ಯಾರಾರ ಒಳೆಗೆ ಬುಟ್ಟಾರಾ?" ಎಂದು ತಮ್ಮನ ಮನೆಗೆ ಹೋಗಿ ಅರಿಸಿನ, ಕುಂಕುಮ, ಹಿಡಿ ಅಕ್ಕಿ, ನಾಲ್ಕು ಗಾಜಿನ ಬಳೆ ತಂದರು. ಮೊರಗಳು ನೋಡುತ್ತಿದ್ದಂತೆ ಬಾಗಿನಗಳಾದವು. ನನಗೆ ಬೇಕಿದ್ದುದು ತೇಲುವ ಒಂದು ವಸ್ತು ಅಷ್ಟೇ. ಆದರೆ ಅವರ ಹತ್ತಿರ ವಾದ ಮಾಡಿ ಗೆದ್ದವರು ಯಾರೂ ಇಲ್ಲ.

ಅತ್ತೆಯ ತಮ್ಮ ಹರಗೋಲು ನೀರಿಗೆ ಇಳಿಸಿದರು. ಅತ್ತೆ ಸಲೀಸಾಗಿ ಹತ್ತಿ ಕುಳಿತರು, ನಾನು ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕುಳಿತೆ. ಸಮುದ್ರದ ಮೇಲೆ ಪಿಎಚ್.ಡಿ. ಮಾಡುವವಳು ಬುಟ್ಟಿಯಂಥ ದೋಣಿಯಲ್ಲಿ ಹೀಗೆ ನಡುಗುವುದನ್ನು ನೋಡಿ ಆ ಯಜಮಾನರು, "ನೀವು ಮ್ಯಾಲಿಂದ ನೋಡೋದೇ ವಾಸಿ ಕಣವ್ವ," ಎಂದರು.

ಕಪಿಲೆಯ ಕಡೆ ಥರ್ಮಾಮೀಟರ್ ಇಳಿಬಿಟ್ಟೆ, ತಣ್ಣಗಿತ್ತು. ಬಂಡೆಗಳ ಮೇಲೆ ತೆಳ್ಳಗೆ ಹರಿದು ಬಂದ ಕಾವೇರಿಯ ಕಡೆ ಬೆಚ್ಚಗಿತ್ತು. ನಡುವಿನ ಗೆರೆ ಕಣ್ಣಿಗೇ ಕಾಣುತ್ತಿತ್ತು. ಒಂದು ಕಡೆ ಹಸಿರು ನೀರು, ಇನ್ನೊಂದು ಕಡೆ ಕೆಂಚು ನೀರು. ಗೆರೆ ಒಂದು ಕರಿಬಂಡೆಯ ಪಕ್ಕದಿಂದ ಹೊರಟು ಆಚೆ ದಡದ ಹೊಂಗೆಮರದ ನೇರಕ್ಕೆ ಹೋಗುತ್ತಿತ್ತು. ಅರ್ಧ ಗಂಟೆ ನೋಡಿದೆ. ಬಂಡೆಯನ್ನೂ ಬಿಡಲಿಲ್ಲ, ಮರದ ನೇರವನ್ನೂ ಬಿಡಲಿಲ್ಲ.

ಮೊದಲ ಮೊರವನ್ನು ಕಾವೇರಿಯ ಕಡೆ ನಾನೇ ಬಿಟ್ಟೆ. ಅದು ಎರಡು ಸುತ್ತು ಹಾಕಿ, ಸುಳಿ ಹಿಡಿದು, ನಿಧಾನವಾಗಿ ದಡಕ್ಕೆ ವಾಪಸು ಹೊರಟಿತು. ಹೊಳೆ ಒಪ್ಪಲಿಲ್ಲ ಎಂದು ಅತ್ತೆ ಮುಖದಲ್ಲೇ ಹೇಳಿದರು. ಎರಡನೆಯದನ್ನು ಗೆರೆಯ ಮೇಲೆ ಬಿಡಬೇಕು. "ಈಗ! ಬುಡು!" ಎಂದು ಅತ್ತೆ ಕೂಗುತ್ತಾರೆ, ನಾನು ಭಯಪಡುತ್ತಾ ಬಗ್ಗುವಷ್ಟರಲ್ಲಿ ಹರಗೋಲು ಅರ್ಧ ಸುತ್ತು ತಿರುಗಿರುತ್ತದೆ. ಎರಡನೆಯದೂ ಮೂರನೆಯದೂ ಹಾಳಾದವು. ತಮ್ಮನ ಎರಡು ಕೈಯೂ ಹುಟ್ಟಿನ ಮೇಲೆ. ಉಳಿದದ್ದು ಒಂದೇ ಮೊರ.

"ನೀವೇ ಬಿಡಿ ಅತ್ತೆಮ್ಮ," ಎಂದು ಚಾಚಿದೆ.

ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ನಾನ್ ಬುಡಂಗಿಲ್ಲ ಕಣವ್ವ. ಗೊತ್ತಿಲ್ವಾ ನಿಂಗೆ?"

ನನಗೆ ಮತ್ತೆ ರೇಗಿತು. ಈ ಸಲ ಅವರ ಮೇಲಲ್ಲ. ಇಡೀ ಹೊಳೆಯಲ್ಲಿ ಮೊರ ಬಿಡುವ ಜಾಗ ಗೊತ್ತಿರುವ ಒಬ್ಬರೇ ಒಬ್ಬರು, ಅವರೇ ಬಿಡುವಂತಿಲ್ಲವಂತೆ! "ಇದು ಪೂಜೆ ಅಲ್ಲ, ಪ್ರಯೋಗ," ಎಂದೆ. "ಆರು ತಿಂಗಳಲ್ಲಿ ನನ್ನ ಪಿಎಚ್.ಡಿ. ಹೋಗುತ್ತೆ. ಹಿಡೀರಿ."

ಅತ್ತೆ ತಮ್ಮನ ಮುಖ ನೋಡಿದರು. ಅವರು, "ಪರ್ಯೋಗ ಅಂತಾಳಲ್ಲಕ್ಕ. ಇಡ್ಕೊ," ಎಂದು ಬೇರೆ ಕಡೆ ತಿರುಗಿದರು.

ಅತ್ತೆ ಮೊರ ತೆಗೆದುಕೊಂಡರು. ಮೊಣಕೈತನಕ ನೀರಿಗೆ ಇಳಿಸಿ, ಒಂದು ಕ್ಷಣ ಹಿಡಿದು, ಬೆರಳು ಬಿಡಿಸಿದರು. ಮೊರ ಓಡಿತು. ಏನು ಓಟ ಅಂತೀರಿ! ಆ ಕಡೆ ಈ ಕಡೆ ಒಂದು ಗೇಣೂ ವಾಲದೆ, ಗೆರೆಯ ಮೇಲೆ ನೇರವಾಗಿ, ಕರಿಬಂಡೆಯನ್ನು ದಾಟಿ, ಹೊಂಗೆಮರವನ್ನು ದಾಟಿ ಹೋಯಿತು. ಗೆರೆ ಮಾತ್ರ ಇದ್ದಲ್ಲೇ ಇತ್ತು. ನಾನು "ಹೋಯ್ತು! ಹೋಯ್ತು!" ಎಂದು ಕಿರುಚುತ್ತಾ ಎದ್ದು ನಿಂತುಬಿಟ್ಟೆ. ಹರಗೋಲು ವಾಲಿತು. ಅತ್ತೆ ನನ್ನ ಸೀರೆ ಹಿಡಿದು ಜಗ್ಗಿ ಕೂರಿಸಿದರು. ಮೂವರೂ ಮೈಯೆಲ್ಲ ಒದ್ದೆ. ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ಆಮೇಲಿನದು ನನ್ನ ಕೆಲಸ. ಸಮುದ್ರದಲ್ಲಿ ಮೊರ ಬಿಡಲು ನನ್ನಿಂದಾಗದು, ಆದರೆ ಗೆರೆಯ ಮೇಲೆ ಮೊರದಂಥದ್ದು ಏನಾದರೂ ತಾನಾಗಿಯೇ ತೇಲುತ್ತಿರಬೇಕಲ್ಲ ಎಂದು ಹುಡುಕಿದೆ. ಸಿಕ್ಕಿತು. ಹತ್ತಿರದಿಂದ ನೋಡಿದರೆ ಗೆರೆ ನೇರವಾಗಿರಲೇ ಇಲ್ಲ, ಅಂಚಿನಲ್ಲಿ ಸಣ್ಣ ಸಣ್ಣ ಬಳುಕುಗಳಿದ್ದವು. ನಿನ್ನೆಯ, ಇವತ್ತಿನ ಚಿತ್ರ ಹೋಲಿಸುವಷ್ಟರಲ್ಲಿ ಅವು ರೂಪವೇ ಬದಲಾಗಿ ಗುರುತು ಸಿಗುತ್ತಿರಲಿಲ್ಲ. ಅದಕ್ಕೆ ಅರ್ಧರ್ಧ ಗಂಟೆಗೆ ಚಿತ್ರ ಕಳಿಸುವ ಬೇರೊಂದು ಉಪಗ್ರಹವನ್ನು ಹಿಡಿದೆ. ಅದರ ಚಿತ್ರ ಒರಟು, ಮೋಡದ ಚೂರು ಬೇರೆ. ಎರಡು ತಿಂಗಳು ಎಲ್ಲವೂ ಅಡ್ಡಾದಿಡ್ಡಿ ಬಂತು. ಅತ್ತೆ ಡಬ್ಬಿ ಕಟ್ಟುವಾಗ ಮುಖ ನೋಡಿ, "ಇವತ್ತೂ ವಾಪಸ್ ಬಂತಾ ಮೊರ?" ಎಂದು ಕೇಳುತ್ತಿದ್ದರು. ಬಂತು ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಬರಲಿಲ್ಲ. ಬಳುಕುಗಳನ್ನು ಹಿಡಿದು ಎಳೆದ ಬಾಣಗಳು ಒಂದರ ಹಿಂದೊಂದು ಗೆರೆಗುಂಟ ತೆಂಕಣಕ್ಕೆ ಸಾಲುಗಟ್ಟಿದವು. ಅವುಗಳ ಮೇಲೆ ಡಬ್ಬಿಯ ದಾರಿ ಇಟ್ಟೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿತು ಎಂದರೆ ಸುಳ್ಳಾಗುತ್ತದೆ. ಆದರೆ ಅಕ್ಕಪಕ್ಕ ಹೋದವು, ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ. ಸ್ಟಾಫ್ ರೂಮಿನಿಂದಲೇ ಫೋನ್ ಮಾಡಿದೆ. "ಅತ್ತೆಮ್ಮ, ಮೊರ ಹೋಯ್ತು!" ಆ ಕಡೆಯಿಂದ ಕುಕ್ಕರ್ ಕೂಗಿದ್ದು ಕೇಳಿಸಿತು, ಆಮೇಲೆ ಅತ್ತೆ ಜೋರಾಗಿ ನಕ್ಕದ್ದು.

ಸಮಿತಿಯಲ್ಲಿ ಆ ಹಿರಿಯರೇ ಬಹಳ ಹೊತ್ತು ನಕ್ಷೆ ನೋಡಿದರು. "ಗೆರೆಯ ಉದ್ದಕ್ಕೆ ನೋಡಬೇಕು ಅಂತ ಹೇಗೆ ಹೊಳೀತು?" ಎಂದರು. "ನಮ್ಮ ಅತ್ತೆ ಹೇಳಿದರು ಸರ್," ಎಂದೆ. ತಮಾಷೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲ. ಹರಗೋಲು, ಬಂಡೆ, ಮರ, ನಾಲ್ಕು ಮೊರ, ಎಲ್ಲವನ್ನೂ ಹೇಳಿದೆ. ಕೊನೆಗೆ ಅವರು, "ಅದನ್ನೂ ಪ್ರಬಂಧದಲ್ಲಿ ಬರೀರಿ," ಎಂದು ಸಹಿ ಹಾಕಿದರು. ಈಗ ನನ್ನ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಥರ್ಮಾಮೀಟರಿನ ಲೆಕ್ಕದ ಪಕ್ಕ ಮೊರವೂ ಇದೆ.

ಡಾಕ್ಟರೇಟ್ ಕೈಗೆ ಬಂದ ವರ್ಷದ ಗೌರಿ ಹಬ್ಬಕ್ಕೆ ನರಸೀಪುರಕ್ಕೆ ಹೋದೆವು. ಹೊಳೆ ತುಂಬಿತ್ತು. ಮನೆಯ ಹೆಂಗಸರೆಲ್ಲ ಮೆಟ್ಟಿಲ ಬುಡದಲ್ಲಿದ್ದರು. ಅತ್ತೆ ಎಂದಿನಂತೆ ಮೇಲಿನ ಮೆಟ್ಟಿಲಿನಲ್ಲಿ ಕುಳಿತು, ಇವತ್ತು ಗೆರೆ ದಡಕ್ಕೇ ಒತ್ತಿ ಬಂದಿದೆ, ಕೊನೆಯ ಮೆಟ್ಟಿಲಿನಿಂದಲೇ ಬಿಡಬಹುದು ಎಂದು ಕೂಗಿ ಹೇಳುತ್ತಿದ್ದರು. ನನ್ನ ಸರದಿ ಬಂತು. ನಾನು ಬಾಗಿನ ಹಿಡಿದು ಕೆಳಗೆ ಇಳಿಯುವ ಬದಲು ಮೇಲೆ ಹತ್ತಿದೆ.

"ಅತ್ತೆಮ್ಮ, ಪ್ರಯೋಗ," ಎಂದು ಚಾಚಿದೆ.

ಕೆಳಗಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆ ಮೊರ ನೋಡಿದರು, ನನ್ನನ್ನು ನೋಡಿದರು. ಅವರ ತಮ್ಮನ ಹೆಂಡತಿ ಕೆಳಗಿನಿಂದ, "ಇಷ್ಟ್ ವರ್ಸ ನಮ್ಗೆಲ್ಲ ಜಾಗ ತೋರ್ಸ್ದೋಳು ನೀನು. ಬಾರತ್ತಿಗೆ, ಬುಡು ಬಾ," ಎಂದು ಪಕ್ಕಕ್ಕೆ ಸರಿದು ದಾರಿ ಮಾಡಿದರು.

ಅತ್ತೆ ಎದ್ದರು. ಮೊರ ತೆಗೆದುಕೊಂಡು, ಅದರೊಳಗಿನ ಬಳೆಯನ್ನು ಸರಿಮಾಡಿ, ಒಂದೊಂದೇ ಮೆಟ್ಟಿಲು ಇಳಿದರು. ನೀರಿಗೆ ಕಾಲಿಟ್ಟ ಮೇಲೆ ತಿರುಗಿ ನನ್ನ ಕಡೆ ನೋಡಿದರು.

"ಪರ್ಯೋಗ ಅವತ್ತೇ ಮುಗೀತು ಕಣವ್ವ," ಎಂದರು. "ಇದು ಪೂಜೆ."

ಬಗ್ಗಿ ಮೊರ ಬಿಟ್ಟರು. ಗೆರೆ ಅದನ್ನು ಎತ್ತಿಕೊಂಡು ಹೋಯಿತು. ಅದು ಕಣ್ಮರೆಯಾಗುವವರೆಗೆ ಅತ್ತೆ ಮೊಣಕಾಲುದ್ದ ನೀರಿನಲ್ಲಿ ಕೈಮುಗಿದು ನಿಂತಿದ್ದರು, ನಾನು ಅವರ ಸೆರಗಿನ ತುದಿ ಹಿಡಿದುಕೊಂಡು ಹಿಂದೆ ನಿಂತಿದ್ದೆ. ಆಮೇಲೆ ಕಣ್ಣು ಒರೆಸಿಕೊಂಡು, "ನಡಿ ನಡಿ, ಬಸ್ಸು ಒಂಟೋಯ್ತದೆ," ಎಂದು ನನಗಿಂತ ಮುಂಚೆ ಮೆಟ್ಟಿಲು ಹತ್ತಿದರು.